ನಲವತ್ತೇಳನೇ ನಂಬರಿನ ಈರುಳ್ಳಿ

ಪೇಂಟರ್ ಬಿದ್ದದ್ದು ಏಣಿಯ ಮೂರನೇ ಮೆಟ್ಟಿಲಿನಿಂದ. ಹದಿನಾಲ್ಕು ಮೆಟ್ಟಿಲಿನ ಏಣಿಯ ತುದಿಯಲ್ಲಿ ಒಂಟಿಕಾಲಲ್ಲಿ ನಿಂತು ಮೂವತ್ತೆಂಟು ವರ್ಷ ಸೂರಿಗೆ ಬಣ್ಣ ಬಳಿದವನು, ಒಂದು ದಿನ ಕೆಲಸವೆಲ್ಲ ಮುಗಿಸಿ, ಬ್ರಷ್ ಒರೆಸಿಕೊಂಡು, ಇನ್ನೇನು ನೆಲ ಮುಟ್ಟಿದೆ ಎನ್ನುವಾಗ ಬಿದ್ದು ಮಂಡಿ ಮುರಿದುಕೊಂಡ. ತುದಿಯಿಂದ ಬಿದ್ದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕಾದರೂ ಚೆನ್ನಾಗಿರುತ್ತಿತ್ತು. ಮೂರನೇ ಮೆಟ್ಟಿಲು ಎಂದಾಗ ಕೇಳಿದವರು ಅಯ್ಯೋ ಪಾಪ ಅನ್ನುವ ಮೊದಲು ಒಂದು ಕ್ಷಣ ತುಟಿ ಕಚ್ಚಿಕೊಳ್ಳುತ್ತಿದ್ದರು. ಅದನ್ನು ಅವನು ಗಮನಿಸಿದ್ದ.

ಮಂಡಿ ಕೂಡಿಕೊಂಡಿತು. ಆದರೆ ಇನ್ನು ಮೇಲೆ ಏಣಿ ಎನ್ನುವ ಪದವನ್ನು ಬಾಯಲ್ಲೂ ಆಡಬಾರದು ಎಂದು ಡಾಕ್ಟರು ಹೇಳಿಬಿಟ್ಟರು. ಅಲ್ಲಿಂದ ಹತ್ತು ತಿಂಗಳು ಅವನು ಮನೆಯಲ್ಲಿ ಕೂತ. ಕೂತವನಿಗೆ ನೋಡಲು ಇದ್ದದ್ದು ಗೋಡೆಗಳು. ತಪ್ಪು ಲೆಕ್ಕ ಬರೆದ ಬೋರ್ಡಿನ ಮುಂದೆ ಮೇಷ್ಟ್ರನ್ನು ಕೂರಿಸಿ ಸೀಮೆಸುಣ್ಣ ಕಿತ್ತುಕೊಂಡರೆ ಹೇಗೋ ಹಾಗಾಯಿತು ಅವನ ಪಾಡು. ಹಾಲ್‌ನ ಮೂಲೆಯಲ್ಲಿ ಬಣ್ಣದ ಕೆಳಗೆ ಮೆತ್ತಿದ ಪುಟ್ಟಿ ಉಬ್ಬಿದ್ದು, ಕಿಟಕಿಯ ಮೇಲೆ ಎರಡನೇ ಕೋಟು ತೆಳುವಾದದ್ದು, ಎಲ್ಲ ಬೆಳಗಿನಿಂದ ಸಂಜೆಯ ತನಕ ಅವನನ್ನೇ ದಿಟ್ಟಿಸುತ್ತಿದ್ದವು.

ಹೆಂಡತಿ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಬೆಳಿಗ್ಗೆ ಎಂಟಕ್ಕೆ ಹೊರಟರೆ ಸಂಜೆ ಐದಕ್ಕೆ ಬರುವವಳು. ಇಪ್ಪತ್ತಾರು ವರ್ಷ ಗಾಬರಿಬಿದ್ದವರ ಜೊತೆ ಮಾತಾಡಿ ಮಾತಾಡಿ ಅವಳ ದನಿಗೆ ಇಸ್ತ್ರಿ ಹಾಕಿದಂಥ ನಯ ಬಂದುಬಿಟ್ಟಿತ್ತು. ಮನೆಗೆ ನೀರು ನುಗ್ಗಿದರೂ, ಸಾರಿಗೆ ಹಲ್ಲಿ ಬಿದ್ದರೂ ಅದೇ ದನಿ. "ದಯವಿಟ್ಟು ಒಂದು ನಿಮಿಷ" ಎಂದು ಅವಳು ಹೇಳಿದರೆ ಹಲ್ಲಿಯೂ ಕಾಯಬೇಕು, ಹಾಗೆ.

ಈ ಹತ್ತು ತಿಂಗಳಲ್ಲಿ ಪೇಂಟರನ ತಲೆ ನೆಟ್ಟಗೆ ನಿಲ್ಲುವಂತೆ ಮಾಡಿದ್ದು ಒಂದೇ ಒಂದು ಸಂಗತಿ. ಅದು ಅವನ ಕ್ಯಾಸರೋಲ್. ಕ್ಯಾಸರೋಲ್ ಎಂದರೆ ಊಟ ಬಿಸಿಯಾಗಿಡುವ ಡಬ್ಬಿ ಎಂದುಕೊಳ್ಳಬೇಡಿ. ಅಗಲವಾದ ಗಾಜಿನ ಪಾತ್ರೆಯಲ್ಲಿ ಬೇಯಿಸಿದ ಪಾಸ್ತಾ, ಎಳೆ ಎಳೆಯಾಗಿ ಬಿಡಿಸಿದ ಕೋಳಿ, ಹಾಲು-ಮೈದಾದ ಬಿಳಿ ಸಾಸು, ಬೆಣ್ಣೆಯಲ್ಲಿ ಗಂಟೆಗಟ್ಟಲೆ ಬಾಡಿಸಿ ಕಂದುಬಣ್ಣಕ್ಕೆ ತಂದ ಸಿಹಿ ಈರುಳ್ಳಿ, ಇವೆಲ್ಲವನ್ನು ಪದರ ಪದರವಾಗಿ ಹಾಸಿ, ಮೇಲೆ ತುರಿದ ಚೀಸ್ ಸುರಿದು, ಓವನ್ನಿನಲ್ಲಿಟ್ಟು ಕೆನೆಗಟ್ಟುವ ಹಾಗೆ ಬೇಯಿಸಿದ ಅಡುಗೆ ಅದು. ಪದರ ಅಂದಮೇಲೆ ಪೇಂಟರನಿಗೆ ಹೇಳಿಕೊಡಬೇಕೆ. ತಳಕ್ಕೆ ಸಾಸು ಬಳಿಯುವುದನ್ನು ಅವನು ಪ್ರೈಮರ್ ಎನ್ನುತ್ತಿದ್ದ. ಪಾಸ್ತಾ ಪುಟ್ಟಿ. ಕೋಳಿ ಮತ್ತು ಈರುಳ್ಳಿ ಮೊದಲ ಕೋಟು. ಚೀಸು ಫಿನಿಶಿಂಗ್.

ಅದನ್ನು ಅವನು ಕಲಿತದ್ದು ಎಂಟು ವರ್ಷದ ಹಿಂದೆ, ಒಂದು ಹೋಟೆಲಿನ ಅಡುಗೆಮನೆಗೆ ಬಣ್ಣ ಹೊಡೆಯಲು ಹೋದಾಗ. ಗೋಡೆ ಒಣಗದೆ ಸತಾಯಿಸಿತು. ನಾಲ್ಕು ದಿನ ಕಾಯುತ್ತ ಕೂತವನಿಗೆ ಅಲ್ಲಿನ ಅಡುಗೆಯವನು ಬೇಜಾರು ಕಳೆಯಲು ಹೇಳಿಕೊಟ್ಟ ವಿದ್ಯೆ. ಈರುಳ್ಳಿಯನ್ನು ಎಷ್ಟು ಹೊತ್ತು ಬಾಡಿಸಬೇಕು ಎಂದು ಇವನು ಕೇಳಿದ. ಹೊತ್ತಿನ ಲೆಕ್ಕ ಇಲ್ಲ, ಬಣ್ಣ ನೋಡಬೇಕು ಎಂದ ಅವನು. ಬಣ್ಣ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಪೇಂಟರ್ ಚೀಲದಿಂದ ಶೇಡ್ ಕಾರ್ಡು ತೆಗೆದ. ಬಣ್ಣದ ಕಂಪನಿಯವರು ಗಿರಾಕಿಗೆ ತೋರಿಸಲು ಕೊಡುವ, ಸಣ್ಣ ಸಣ್ಣ ಪಟ್ಟಿಗಳ ಕಾರ್ಡು. ಬಾಣಲೆಯ ಪಕ್ಕ ಹಿಡಿದು ನೋಡಿದರೆ ಈರುಳ್ಳಿಯ ಬಣ್ಣ ನಲವತ್ತೇಳನೇ ನಂಬರಿಗೆ ಕರಾರುವಾಕ್ಕಾಗಿ ಹೊಂದಿತು. ಕಾರ್ಡಿನಲ್ಲಿ ಅದರ ಹೆಸರು 'ಹಳೇ ಜೇನು'. ಮನೆಗೆ ಬಂದವನೇ ಆ ಪಟ್ಟಿಯನ್ನು ಕತ್ತರಿಸಿ, ನಾಲ್ಕು ಮೂಲೆಗೂ ಸೆಲ್ಲೋಟೇಪ್ ಹಚ್ಚಿ, ಒಲೆಯ ಮೇಲಿನ ಗೋಡೆಗೆ ಅಂಟಿಸಿದ. ಹೊರಡುವಾಗ ಆ ಅಡುಗೆಯವನು ಇನ್ನೊಂದು ಮಾತನ್ನೂ ಹೇಳಿದ್ದ. ಸಿಹಿಯ ಹಿಂದೆ ಚೂರೇ ಚೂರು ಕಹಿ ಇಣುಕಬೇಕು, ಅದೇ ಸರಿಯಾದ ಹದದ ಗುರುತು ಎಂದು.

ಅಂದಿನಿಂದ ತಿಂಗಳ ಮೊದಲನೇ ಮತ್ತು ಮೂರನೇ ಭಾನುವಾರ ಮನೆಯಲ್ಲಿ ಅದೇ ಊಟ. ಮಗಳು ಬರುವಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಅವಳಿಗೆ. ನಾಲ್ಕು ವರ್ಷದಿಂದ ಅಳಿಯನೂ ಬರುತ್ತಾನೆ. ಅವನು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವನು. ಕಲಿಯುವವರು ನೇರ ಲೈಟುಕಂಬಕ್ಕೆ ಗುರಿಯಿಟ್ಟಾಗಲೂ ಮುಖದ ಒಂದು ಗೆರೆ ಅಲ್ಲಾಡಿಸದೆ, ತನ್ನ ಕಡೆಯ ಬ್ರೇಕನ್ನು ಮೆತ್ತಗೆ ಒತ್ತಿ ಅಭ್ಯಾಸವಾದ ಮನುಷ್ಯ. ಊಟಕ್ಕೆ ಕೂತಾಗ ಮೊದಲ ತುತ್ತಿಗೆ ಅವನ ಬಲಗಾಲು ಮೇಜಿನ ಕೆಳಗೆ ನಿಧಾನವಾಗಿ ನೆಲವನ್ನು ಒತ್ತುವುದನ್ನು ಪೇಂಟರ್ ಎಷ್ಟೋ ಸಲ ಕಂಡಿದ್ದ. ರುಚಿಗೆ ಮೈಮರೆತಿದ್ದಾನೆ ಎಂದುಕೊಂಡಿದ್ದ.

ಎಲ್ಲರೂ ಚೆನ್ನಾಗಿದೆ ಎನ್ನುತ್ತಿದ್ದರು. ಹೆಂಡತಿಯಂತೂ "ತುಂಬಾ ಚೆನ್ನಾಗಿದೆ" ಎನ್ನದೆ ಕೈತೊಳೆದವಳಲ್ಲ. ಎಲ್ಲರೂ ಒಂದೊಂದೇ ಸಲ ಬಡಿಸಿಕೊಂಡು, ಉಳಿದದ್ದೆಲ್ಲ ನಿಮಗೇ ಇರಲಿ ಎನ್ನುತ್ತಿದ್ದರು. ಇಂಥ ಸಂಸಾರ ಎಷ್ಟು ಜನರಿಗಿದೆ ಎಂದು ಪೇಂಟರ್ ಸೋಮವಾರ ತಂಗಳು ತಿನ್ನುತ್ತ ಎಷ್ಟೋ ಸಲ ಕಣ್ಣು ಒದ್ದೆ ಮಾಡಿಕೊಂಡಿದ್ದಾನೆ.

ಹೀಗಿರುವಾಗ ಹೆಂಡತಿಯ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆಯವನೊಬ್ಬ ಕೆಲಸ ಬಿಟ್ಟ. ಕ್ಯಾಂಟೀನ್ ನಡೆಸುವ ಮೇಡಂ ಮಾತಿಗೆ ಮಾತು ಬಂದಾಗ, ನಿಮ್ಮೆಜಮಾನ್ರು ಏನೋ ಮಾಡ್ತಾರಂತಲ್ಲ ಎಂದು ಕೇಳಿದರು. ಹೆಂಡತಿ ರೂಢಿಯ ದನಿಯಲ್ಲಿ, ಅವರು ಕ್ಯಾಸರೋಲ್ ಮಾಡಿದರೆ ಇಡೀ ಬೀದಿಗೇ ಗೊತ್ತಾಗುತ್ತದೆ ಎಂದುಬಿಟ್ಟಳು. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಾದರೆ ಮಂಗಳವಾರ ಬರಲಿ, ಸಿಬ್ಬಂದಿ ನಲವತ್ತು ಜನಕ್ಕೆ ಮಾಡಲಿ, ಹಿಡಿಸಿದರೆ ಕೆಲಸ ಅವರಿಗೇ ಎಂದರು ಮೇಡಂ.

ಸುದ್ದಿ ಕೇಳಿ ಪೇಂಟರ್ ಎದ್ದು ನಿಂತ. ಹತ್ತು ತಿಂಗಳಲ್ಲಿ ಮೊದಲ ಸಲ ಕುರ್ಚಿಯ ಕೈ ಹಿಡಿಯದೆ ಎದ್ದ. ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ, ಹಾಕಿಕೊಳ್ಳಲು ಒಂದು ಏಪ್ರನ್, ನೀವಿಲ್ಲದಿದ್ದರೆ ಆಗಲ್ಲ ಎನ್ನುವ ನಾಲ್ಕು ಜನ. ಅವನಿಗೆ ಬೇಕಾದದ್ದು ಅಷ್ಟೇ. ಹೆಂಡತಿಯ ಮುಖದಲ್ಲಿ ಯಾಕೆ ಬೆವರಿತ್ತೋ ಅವನು ಕೇಳಲಿಲ್ಲ.

ಮಂಗಳವಾರಕ್ಕೆ ಮೊದಲು ಬಂದದ್ದು ತಿಂಗಳ ಮೂರನೇ ಭಾನುವಾರ. ಅವತ್ತಿನದು ತಾಲೀಮು ಎಂದು ಪೇಂಟರ್ ವಿಶೇಷ ಮುತುವರ್ಜಿ ವಹಿಸಿ, ಈರುಳ್ಳಿಯನ್ನು ಗೋಡೆಯ ಪಟ್ಟಿಗೆ ಹೊಂದುವ ತನಕ ಬಿಡದೆ ಬಾಡಿಸಿದ. ಊಟವಾಯಿತು. ಅಳಿಯನ ಕಾಲು ನೆಲ ಒತ್ತಿತು. ಎಲ್ಲರೂ ಚೆನ್ನಾಗಿದೆ ಅಂದರು. ಸಂಜೆ ನಾಲ್ಕರ ಹೊತ್ತಿಗೆ ಪೇಂಟರ್ ಕಸದ ಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದಾಗ ಮೇಲಿನ ಮನೆಯ ಟೀಸಿ ಅಮ್ಮ ಎದುರಾದರು. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಮುಖ ನೋಡಿಕೊಂಡು ಮಾತಾಡುವ ಚಾಳಿ ಅವರಿಗಿಲ್ಲ.

"ಪೇಂಟ್ರೇ, ಒಂದು ಮಾತು ಕೇಳ್ಬೇಕು ಅಂತ ಬಹಳ ದಿನದಿಂದ ಅಂದ್ಕೊಂಡಿದ್ದೆ. ತಿಂಗಳಿಗೆ ಎರಡು ಭಾನುವಾರ ನಿಮ್ಮನೇಲಿ ಏನು ಸುಡ್ತೀರಿ?"

ಪೇಂಟರ್ ನಕ್ಕ. ಸುಡೋದಲ್ಲಮ್ಮ, ಕ್ಯಾಸರೋಲ್ ಮಾಡ್ತೀನಿ ಅಂದ.

"ಅದು ಮಧ್ಯಾಹ್ನ. ನಾನು ಹೇಳ್ತಿರೋದು ಅದಕ್ಕಿಂತ ಮುಂಚೆ. ಹಳೇ ಬ್ರಷ್ಷೋ ಚಪ್ಪಲಿನೋ ಏನೋ ಸುಡ್ತೀರಲ್ಲ. ನಾನು ಹನ್ನೊಂದು ಗಂಟೆಗೆ ಎಲ್ಲಾ ಕಿಟಕಿ ಹಾಕ್ಕೊಂಡು, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಇಡ್ತೀನಿ."

ಏನೂ ಸುಡುವುದಿಲ್ಲ, ಹನ್ನೊಂದಕ್ಕೆ ಬಾಣಲೆಯಲ್ಲಿರುವುದು ಈರುಳ್ಳಿ ಮಾತ್ರ ಎಂದ ಪೇಂಟರ್. ಟೀಸಿ ಅಮ್ಮ ಅವನನ್ನು ಒಂದು ನೋಟ ನೋಡಿದರು. ಕೊಳ್ಳದ ಟಿಕೆಟ್ಟಿಗಾಗಿ ಎಲ್ಲ ಜೇಬು ತಡಕುವವರನ್ನು ನೋಡಿ ನೋಡಿ ಹದಗೊಂಡ ನೋಟ. ಆಮೇಲೆ ಮೆಟ್ಟಿಲು ಹತ್ತಿ ಹೋದರು.

ಪೇಂಟರ್ ಕಸದ ಚೀಲವನ್ನು ಕೆಳಗೆ ಹಾಕುವುದನ್ನೂ ಮರೆತು ವಾಪಸು ಬಂದ. ಅಡುಗೆಮನೆಗೆ ಹೋಗಿ ಬಾಣಲೆಯೊಳಗೆ ಮುಖವಿಟ್ಟ. ಏನೂ ಇಲ್ಲ. ಅದು ಒಳ್ಳೆಯದೇ ಎಂದುಕೊಂಡ, ಸುಟ್ಟಿದ್ದರೆ ವಾಸನೆ ಬರಬೇಕಿತ್ತಲ್ಲ. ಆಮೇಲೆ ಏನನ್ನಿಸಿತೋ, ಕೈಯಲ್ಲಿದ್ದ ಕಸದ ಚೀಲವನ್ನೇ ಬಿಚ್ಚಿ ಮೂಸಿದ. ಕೋಳಿಯ ಚರ್ಮ, ಮೊನ್ನೆಯ ಮೀನಿನ ತಲೆ ಇದ್ದ ಚೀಲ. ಏನೂ ಇಲ್ಲ. ಬಚ್ಚಲಿನ ಫಿನೈಲ್ ಬಾಟಲಿ ಮೂಸಿದ. ನೀರು ಮೂಸಿದ ಹಾಗಿತ್ತು.

ಬಾಲ್ಕನಿಯ ಮೂಲೆಯಲ್ಲಿ ಅವನ ಕೆಲಸದ ಸಾಮಾನಿತ್ತು. ಅದರಲ್ಲಿ ಅರ್ಧ ಡಬ್ಬ ಥಿನ್ನರ್. ಬಣ್ಣ ತೆಳುವಾಗಿಸುವ ಆ ಎಣ್ಣೆಯ ಘಾಟು ಅವನಿಗೆ ತಾಯಿಯ ಸೆರಗಿನಷ್ಟು ಗೊತ್ತು. ಮೂವತ್ತೆಂಟು ವರ್ಷ ಅದನ್ನು ಉಟ್ಟು ತೊಟ್ಟು ತಿರುಗಿದ್ದಾನೆ. ಮುಚ್ಚಳ ತೆಗೆದು ಮೂಗು ಒಡ್ಡಿದ. ಇಲ್ಲ. ಆವಿಯಾಗಿ ಹೋಗಿರಬೇಕು ಎಂದು ಬೆರಳು ಅದ್ದಿದ. ಬೆರಳು ತಣ್ಣಗೆ ಕೊರೆಯಿತು. ಡಬ್ಬದಲ್ಲಿ ಥಿನ್ನರ್ ಇತ್ತು. ಇಲ್ಲದ್ದು ಮೂಗು.

ಮಗಳು ಹುಡುಕಿಕೊಂಡು ಬಂದಾಗ ಅವನು ಥಿನ್ನರ್ ಡಬ್ಬವನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಿದ್ದ.

"ಅಪ್ಪ, ಏನ್ ಮಾಡ್ತಿದೀಯಾ?"

"ಮಗಾ, ಇದು ವಾಸನೆ ಬರ್ತಿದೆಯಾ?"

"ಹಾಲ್ ತನಕ ಬರ್ತಿದೆ," ಎಂದಳು ಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು.

ಲ್ಯಾಬಿನವಳಾದ್ದರಿಂದ ಅವಳು ಅಳುವುದಕ್ಕೂ ಮೊದಲು ಪರೀಕ್ಷೆ ಮಾಡಿದಳು. ಅಪ್ಪನನ್ನು ಊಟದ ಮೇಜಿಗೆ ಕೂರಿಸಿ, ಕಣ್ಣಿಗೆ ಟವೆಲ್ ಕಟ್ಟಿ, ಹತ್ತು ಸಾಮಾನನ್ನು ಒಂದೊಂದಾಗಿ ಮೂಗಿನ ಕೆಳಗೆ ಹಿಡಿದಳು. ಕಾಫಿಪುಡಿಗೆ ಅವನು ಸೋಪು ಎಂದ. ಸೋಪಿಗೆ ಏನೂ ಹಿಡಿದೇ ಇಲ್ಲ ಎಂದ. ಜಜ್ಜಿದ ಬೆಳ್ಳುಳ್ಳಿಗೆ ಬಹಳ ಯೋಚಿಸಿ, ಅಳಿಯಂದಿರ ಕೈಯಾ ಎಂದು ಕೇಳಿದ. ಅಳಿಯ ನಗಲಿಲ್ಲ. ಅವನ ಬಲಗಾಲು ನೆಲಕ್ಕೆ ಊರಿಕೊಂಡಿತ್ತು. ಹತ್ತಕ್ಕೆ ಸೊನ್ನೆ. ವರ್ಷಗಟ್ಟಲೆ ಥಿನ್ನರಿನ ಹೊಗೆ ಕುಡಿದದ್ದಕ್ಕೇ ಹೀಗಾಗಿರಬಹುದು, ಇವತ್ತು ನಿನ್ನೆಯದಲ್ಲ, ಡಾಕ್ಟರಿಗೆ ತೋರಿಸಬೇಕು ಎಂದಳು ಮಗಳು.

ಪೇಂಟರ್ ಟವೆಲ್ ಬಿಚ್ಚಿದ. ದಿನಾ ಸಂಜೆ ಕಾಫಿಯ ಪರಿಮಳಕ್ಕೆ ಆಹಾ ಅನ್ನುತ್ತಿದ್ದೆನಲ್ಲ, ಹಾಗಾದರೆ ಅದೇನು ಎಂದು ತನ್ನನ್ನೇ ಕೇಳಿಕೊಂಡ. ಲೋಟ ಕಂಡೊಡನೆ ಬಾಯಿಗೆ ಬಂದ ಅಭ್ಯಾಸದ ಮಾತು, ಅಷ್ಟೇ. ಮೂಗು ಯಾವತ್ತೋ ಅಂಗಡಿ ಮುಚ್ಚಿಕೊಂಡು ಹೋಗಿತ್ತು. ಬೋರ್ಡು ಮಾತ್ರ ನೇತಾಡುತ್ತಿತ್ತು. ಅಷ್ಟರಲ್ಲಿ ಟೀಸಿ ಅಮ್ಮನ ಮಾತು ತಲೆಯೊಳಗೆ ಹೊಕ್ಕು ಕೂತಿತು. ಅವನು ಮೂವರನ್ನೂ ನೋಡಿದ.

"ಹಾಗಾದ್ರೆ ಈರುಳ್ಳಿ?"

ಮಗಳು ಕಾಫಿಪುಡಿಯ ಡಬ್ಬಿಯ ಮುಚ್ಚಳವನ್ನು ಮೂರು ಸಲ ತಿರುಗಿಸಿ ಬಿಗಿ ಮಾಡಿದಳು. ಹೆಂಡತಿ "ಒಂದು ನಿಮಿಷ" ಎಂದಳು. ಇಪ್ಪತ್ತಾರು ವರ್ಷದ ಅಭ್ಯಾಸ. ಆದರೆ ಈ ಸಲ ಯಾರಿಗೂ ಲೈನ್ ಕೊಡುವಂತಿರಲಿಲ್ಲ.

"ರೀ, ಸುಟ್ಟಿರುತ್ತೆ," ಎಂದಳು.

"ಇವತ್ತಾ?"

"ಇವತ್ತೂ."

ಪೇಂಟರ್ ಮೇಜಿನ ಅಂಚು ಹಿಡಿದುಕೊಂಡ. ಹೆಂಡತಿಯೇ ಮುಂದುವರಿಸಿದಳು. ಇಸ್ತ್ರಿ ಹೋದ ದನಿಯಲ್ಲಿ, ಮೊದಲ ವರ್ಷ ಅದು ನಿಜಕ್ಕೂ ಅಮೃತದಂತಿತ್ತು ಎಂದಳು. ಅವತ್ತು ಹೇಳಿದ ಚೆನ್ನಾಗಿದೆ ಹೃದಯದಿಂದಲೇ ಬಂದದ್ದು. ಆಮೇಲೆ ಅದು ಒಂದೊಂದು ಕೂದಲೆಳೆಯಷ್ಟು ಕಪ್ಪಾಗುತ್ತ ಬಂತು.

"ಹೋದ್ ಸಲಕ್ಕಿಂತ ಈ ಸಲ ಕೆಟ್ಟೋಗಿದೆ ಅಂತ ಹೇಳೋ ಹಾಗೆ ಯಾವತ್ತೂ ಆಗ್ಲೇ ಇಲ್ಲ ಕಣ್ರೀ. ಪ್ರತಿ ಸಲಾನೂ ಹೋದ್ ಸಲದಷ್ಟೇ ಇತ್ತು. ಯಾವ ಭಾನುವಾರ ಹೇಳ್ಲಿ? ಹೇಳ್ಬೇಕು ಅಂತ ಗಟ್ಟಿ ಮನಸ್ಸು ಮಾಡೋ ಹೊತ್ತಿಗೆ ನೀವು ಏಣಿಯಿಂದ ಬಿದ್ರಿ."

ಪೇಂಟರ್ ಮಗಳ ಕಡೆ ತಿರುಗಿದ. ಅವಳು ಮನೆಗೆ ಹೋದಮೇಲೆ ಒಂದು ಲೋಟ ಮಜ್ಜಿಗೆ ಕುಡಿಯುವುದಾಗಿ ಒಪ್ಪಿಕೊಂಡಳು. ಅಳಿಯನ ಕಡೆ ತಿರುಗಿದ. ಈ ಮನೆಯಲ್ಲಿ ಒಬ್ಬನಾದರೂ ಹೊರಗಿನವನು ಇದ್ದಾನಲ್ಲ ಎನ್ನುವ ಆಸೆ.

ಅಳಿಯ ಎಲ್ಲರಿಗಿಂತ ಹೆಚ್ಚು ಕಂಗಾಲಾಗಿದ್ದ. "ಮಾವ, ನನಗೆ ಇದೆಲ್ಲ ಈಗಲೇ ಗೊತ್ತಾಗ್ತಿರೋದು. ನಾನು ಮದ್ವೆ ಆಗಿ ಬಂದಾಗಿಂದ ಕಪ್ಪಗೇ ಇತ್ತು. ಕ್ಯಾಸರೋಲ್ ಅಂದ್ರೇನೇ ಹಾಗೆ ಅಂದ್ಕೊಂಡಿದ್ದೆ. ಸ್ಟೂಡೆಂಟ್ಸ್ ಹತ್ರ ಹೇಳ್ತಾ ಇರ್ತೀನಿ, ಅದು ಅಭ್ಯಾಸ ಆಗ್ಬೇಕು ಅಂತ."

ಪೇಂಟರನಿಗೆ ಒಂದೊಂದಾಗಿ ಎಲ್ಲ ಹೊಳೆಯತೊಡಗಿತು. ಯಾಕೆ ಯಾರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಯಾಕೆ ಉಳಿದದ್ದೆಲ್ಲ ತನಗೇ. ಯಾಕೆ ಪಕ್ಕದ ಬೀದಿಯ ನಾಯಿ ಭಾನುವಾರ ಮಾತ್ರ ಈ ಕಡೆ ಬರುತ್ತಿರಲಿಲ್ಲ. ನಾಲಿಗೆಗೆ ಕಹಿ ತಗಲಿದಾಗೆಲ್ಲ, ಆಹಾ, ಹೋಟೆಲಿನವನು ಹೇಳಿದ ಹದ ಬಂತು ಎಂದು ತಾನು ಹಿಗ್ಗಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಏಣಿಯಿಂದ ಬಿದ್ದಾಗಲೂ ಇಷ್ಟು ಪೆಟ್ಟಾಗಿರಲಿಲ್ಲ. ಆವತ್ತು ಕೆಳಗೆ ನೆಲವಾದರೂ ಇತ್ತು.

"ಆದ್ರೆ ಬಣ್ಣ ಸರಿಯಾಗಿತ್ತು," ಎಂದ ಪೇಂಟರ್. ಅವನ ದನಿಯಲ್ಲಿ ಕೊನೆಯ ಕಂಬ ಹಿಡಿದವನ ಹಟವಿತ್ತು. "ಪ್ರತಿ ಸಲ ಪಟ್ಟಿ ನೋಡೇ ಇಳಿಸ್ತಿದ್ದೆ. ಕಾರ್ಡು ಸುಳ್ಳು ಹೇಳಲ್ಲ."

ಈ ಮಾತನ್ನು ಅವನು ಸಾವಿರ ಗಿರಾಕಿಗಳಿಗೆ ಹೇಳಿದ್ದಾನೆ. ನಾನು ಆರಿಸಿದ ಬಣ್ಣ ಇದಲ್ಲ ಎಂದು ತಕರಾರು ತೆಗೆದವರ ಮುಂದೆ ಕಾರ್ಡು ಹಿಡಿದು ಬಾಯಿ ಮುಚ್ಚಿಸಿದ್ದಾನೆ. ಕಣ್ಣು ಮೋಸ ಹೋಗಬಹುದು, ಬೆಳಕು ಮೋಸ ಮಾಡಬಹುದು, ಕಾರ್ಡು ಕಾರ್ಡೇ. ಎದ್ದು ಕುಂಟುತ್ತ ಹೋಗಿ ಚೀಲದಿಂದ ಹೊಸ ಶೇಡ್ ಕಾರ್ಡು ತಂದ. ನಲವತ್ತೇಳನೇ ನಂಬರು ಬಿಡಿಸಿ, ಗೋಡೆಯ ಪಟ್ಟಿಯ ಪಕ್ಕ ಹಿಡಿದ.

ಕೈಯಲ್ಲಿದ್ದದ್ದು ಜೇನು. ಗೋಡೆಯ ಮೇಲಿದ್ದದ್ದು ಇದ್ದಿಲು.

ಎಂಟು ವರ್ಷದ ಒಗ್ಗರಣೆಯ ಹೊಗೆ, ಎಣ್ಣೆಯ ಆವಿ, ಎಲ್ಲವನ್ನೂ ಆ ಪಟ್ಟಿ ತೆಪ್ಪಗೆ ಕುಡಿದು ಕೂತಿತ್ತು. ಅದು ಕಪ್ಪಾದಷ್ಟೂ ಇವನು ಈರುಳ್ಳಿಯನ್ನು ನಂಬಿಕೆಯಿಂದ ಕಪ್ಪು ಮಾಡಿದ್ದ. ಎಲ್ಲಕ್ಕಿಂತ ಘೋರವೆಂದರೆ ಈ ಎಂಟು ವರ್ಷದಲ್ಲಿ ಅವನು ಅಡುಗೆಮನೆಗೆ ಮೂರು ಸಲ ಬಣ್ಣ ಹೊಡೆದಿದ್ದ. ಮೂರು ಸಲವೂ ಆ ಪಟ್ಟಿಗೆ ಒಂದು ಹನಿ ಸಿಡಿಯದಂತೆ ಸುತ್ತ ಕಾಗದ ಅಂಟಿಸಿ, ದೇವರ ಪಟದ ಹಾಗೆ ಕಾಪಾಡಿದ್ದ. ಉಗುರಿನಿಂದ ಮೂಲೆಯ ಸೆಲ್ಲೋಟೇಪ್ ಕಿತ್ತ. ಟೇಪಿನ ಕೆಳಗೆ, ಕಡಲೆಕಾಳಿನಷ್ಟು ಜಾಗದಲ್ಲಿ, ಹಳೇ ಜೇನು ಇನ್ನೂ ಹೊಳೆಯುತ್ತಿತ್ತು.

ಬೇರೆ ಯಾರಾದರೂ ಅಡುಗೆಯವನಾಗಿದ್ದರೆ ಈರುಳ್ಳಿಯನ್ನು ನೋಡುತ್ತಿದ್ದ. ಇವನು ಪೇಂಟರ್, ಕಾರ್ಡು ನೋಡಿದ.

ಹೆಂಡತಿ ಪಕ್ಕಕ್ಕೆ ಬಂದು ನಿಂತಳು. ಮೇಡಂಗೆ ತಾನು ಒಂದು ಫೋನ್ ಮಾಡುವುದಾಗಿ, ಮಂಡಿ ನೋವು ಜಾಸ್ತಿಯಾಗಿದೆ ಎಂದುಬಿಡುವುದಾಗಿ, ಯಾರಿಗೂ ಏನೂ ಗೊತ್ತಾಗುವುದಿಲ್ಲವೆಂದು ಹೇಳಿದಳು. ಅವಳು ಮನಸ್ಸು ಮಾಡಿದರೆ ಆ ದನಿಯಲ್ಲಿ ಭೂಕಂಪವನ್ನೂ ಮುಂದಕ್ಕೆ ಹಾಕಿಸಬಲ್ಲಳು.

"ಬೇಡ ಮಾರಾಯ್ತಿ," ಎಂದ ಪೇಂಟರ್. "ನಿನ್ನ ಆ ದನಿಯಿಂದಲೇ ಇಷ್ಟು ದೂರ ಬಂದಿದೀವಿ. ನಾನೇ ಹೋಗಿ ಹೇಳ್ತೀನಿ."

ಸೋಮವಾರ ಇಡೀ ದಿನ ಮನೆಯಲ್ಲಿ ಈರುಳ್ಳಿಯದೇ ಕೆಲಸ. ಹೆಂಡತಿ ರಜಾ ಹಾಕಿದಳು. ಪೇಂಟರ್ ಹೊಸ ಪಟ್ಟಿ ಅಂಟಿಸಿಕೊಂಡು ಮೂರು ಸಲ ಬಾಡಿಸಿದ. ಮೂಗಿಲ್ಲವೆಂದು ಗೊತ್ತಾದಮೇಲೆ ಕಿವಿ ಚುರುಕಾಯಿತು. ಮೊದಲು ಈರುಳ್ಳಿ ಬಾಣಲೆಯಲ್ಲಿ ಜೋರಾಗಿ ಚರಗುಟ್ಟುತ್ತದೆ, ನೀರೆಲ್ಲ ಹೋದಮೇಲೆ ಗೊಣಗುತ್ತದೆ, ಕೊನೆಗೆ ಬೆಣ್ಣೆಯೊಳಗೆ ಮೆಲ್ಲಗೆ ಪಿಸುಗುಟ್ಟುತ್ತದೆ. ಪಿಸುಗುಟ್ಟಲು ಶುರುವಾದಾಗ ಒಂದು ಚಮಚ ನೀರು ಚಿಮುಕಿಸಿ ತಳ ಕೆರೆಯಬೇಕು. ಇದನ್ನೆಲ್ಲ ಆ ಹೋಟೆಲಿನವನು ಹೇಳಿಯೇ ಇದ್ದ. ಇವನು ಆಗ ಬಣ್ಣ ನೋಡುತ್ತಿದ್ದ, ಕೇಳಿಸಿಕೊಂಡಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಎಂಟೂವರೆಗೆ ಅವನು ಕ್ಯಾಂಟೀನಿನ ಹಿಂಬಾಗಿಲಲ್ಲಿ ನಿಂತು ಮೇಡಂಗೆ ಇದ್ದದ್ದು ಇದ್ದ ಹಾಗೆ ಹೇಳಿದ. ವಾಸನೆ ಗೊತ್ತಾಗಲ್ಲ, ವರ್ಷಗಟ್ಟಲೆ ಮನೆಯವರಿಗೆ ಸುಟ್ಟದ್ದನ್ನೇ ತಿನ್ನಿಸಿದೀನಿ, ನಿನ್ನೆಯಿಂದ ಸುಡ್ತಿಲ್ಲ. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವನನ್ನು ನೋಡಿದರು.

"ಪೇಂಟ್ರೇ, ಇಪ್ಪತ್ತು ವರ್ಷದಲ್ಲಿ ಸುಳ್ಳು ಹೇಳಿ ಕೆಲಸಕ್ಕೆ ಸೇರ್ದೋರು ಬೇಕಾದಷ್ಟು ಜನ ಬಂದಿದಾರೆ. ನಿಜ ಹೇಳಿ ನನ್ನನ್ನ ಪೇಚಿಗೆ ಸಿಕ್ಕಿಸಿದೋರು ನೀವೇ ಮೊದಲು."

ಕಳಿಸಿಬಿಡಬೇಕು ಎಂದು ಅವರ ಮುಖದಲ್ಲೇ ಬರೆದಿತ್ತು. ಆದರೆ ಆರು ಕಿಲೋ ಕೋಳಿ ಫ್ರಿಜ್ಜಿನಿಂದ ಹೊರಬಂದು ಕೂತಿತ್ತು, ಬೇರೆ ಅಡುಗೆಯವರಿಲ್ಲ, ಹನ್ನೆರಡೂವರೆಗೆ ನಲವತ್ತು ಜನ ತಟ್ಟೆ ಹಿಡಿದು ಬರುತ್ತಾರೆ. ಮೇಡಂ ಸೂಪು ಮಾಡುವ ಅಕ್ಕನನ್ನು ಕರೆದು, ಇವರು ಗ್ಯಾಸ್ ಮುಟ್ಟಕೂಡದು, ಹಚ್ಚೋದು ಆರಿಸೋದು ನೀನೇ, ನಿನ್ನ ಮೂಗು ಇವರ ಬಾಣಲೆ ಬಿಟ್ಟು ಕದಲಬಾರದು ಎಂದು ಕಟ್ಟಪ್ಪಣೆ ಮಾಡಿದರು. ಸೂಪಿನ ಅಕ್ಕ ಪೇಂಟರನನ್ನು, ಹೊಸ ಥರದ ಕಾಯಿಲೆಯನ್ನು ನೋಡುವ ಹಾಗೆ ನೋಡಿದಳು.

ಐದು ಕಿಲೋ ಈರುಳ್ಳಿ. ಎರಡು ಅಗಲ ಬಾಣಲೆ. ಪೇಂಟರ್ ಹೊಸ ಪಟ್ಟಿಯನ್ನು ಗೋಡೆಗೆ ಅಂಟಿಸಲಿಲ್ಲ, ಜೇಬಿನಲ್ಲಿಟ್ಟುಕೊಂಡು ಬೇಕಾದಾಗ ತೆಗೆದು ನೋಡಿದ. ಒಂದು ಕಡೆ ಪಾಸ್ತಾ ಬೇಯಲಿಟ್ಟು, ಓವನ್ನಿನಲ್ಲಿ ಮತ್ತೆ ಬೇಯುತ್ತದಲ್ಲ ಎಂದು ಸ್ವಲ್ಪ ಗಟ್ಟಿಯಿರುವಾಗಲೇ ಬಸಿದ. ಬೇಯಿಸಿದ ಕೋಳಿಯನ್ನು ಕೈಯಿಂದ ಎಳೆ ಬಿಡಿಸಿದ. ಬೆಣ್ಣೆಯಲ್ಲಿ ಮೈದಾ ಹುರಿದು, ಹಾಲು ಸುರಿದು, ಗಂಟಿಲ್ಲದ ಸಾಸು ಮಾಡಿದ. ಗಂಟಿಲ್ಲದೆ ಕಲಸುವುದು ಮಾತ್ರ ಯಾರೂ ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹನ್ನೊಂದು ಗಂಟೆಗೆ ಈರುಳ್ಳಿ ಪಿಸುಗುಟ್ಟತೊಡಗಿತು. ಪೇಂಟರ್ ಪಟ್ಟಿ ತೆಗೆದು ಹಿಡಿದ. ನಲವತ್ತೇಳು. ಹೊಂದಿತು. ಆದರೆ ಅವನ ಕೈ ಮುಂದೆ ಬರಲಿಲ್ಲ. ವರ್ಷಗಟ್ಟಲೆ ಇದ್ದಿಲಿಗೆ ಒಗ್ಗಿಹೋದ ಕಣ್ಣಿಗೆ ಅದು ಹಸಿ ಹಸಿಯಾಗಿ, ಈಗಷ್ಟೇ ಬಾಡಿದ ಹಾಗೆ ಕಂಡಿತು. ಇನ್ನೊಂದು ಹತ್ತು ನಿಮಿಷ ಬಿಟ್ಟರೆ ಎಂದು ಒಳಗಿನಿಂದ ಯಾರೋ ಹೇಳುತ್ತಿದ್ದರು. ಆ ಯಾರೋ ಎಂಟು ವರ್ಷದಿಂದ ಹೇಳುತ್ತ ಬಂದವನೇ ಎಂದು ಅವನಿಗೆ ಗುರುತು ಸಿಕ್ಕಿತು.

ಸೂಪಿನ ಅಕ್ಕ ಮೂಗು ಮುಂದೆ ಚಾಚಿದಳು. ಒಂದು ಸಲ ಎಳೆದುಕೊಂಡಳು. ಇನ್ನೊಂದು ಸಲ ಎಳೆದುಕೊಂಡಳು. ಅವಳ ಮುಖದ ಗಂಟುಗಳು ಬಿಚ್ಚಿಕೊಳ್ಳುವುದನ್ನು ಪೇಂಟರ್ ಕಂಡ.

"ಆರಿಸ್ಲಾ ಅಣ್ಣ?" ಎಂದಳು.

"ಆರಿಸಮ್ಮ," ಎಂದ ಪೇಂಟರ್. ಪಟ್ಟಿಯನ್ನು ಜೇಬಿಗೆ ಹಾಕಿಕೊಂಡ.

ಪ್ರೈಮರ್, ಪುಟ್ಟಿ, ಮೊದಲ ಕೋಟು, ಫಿನಿಶಿಂಗ್. ನಾಲ್ಕು ದೊಡ್ಡ ಟ್ರೇಗಳು ಓವನ್ನಿಗೆ ಹೋಗಿ, ಮೇಲೆ ಚೀಸು ಗುಳ್ಳೆಗಟ್ಟಿ, ಅಂಚು ಕೆಂಪಾಗಿ ಹೊರಬಂದವು. ಹೊರತೆಗೆದು ಹತ್ತು ನಿಮಿಷ ಮುಟ್ಟಬಾರದು, ಕೋಟು ಸೆಟ್ ಆಗಬೇಕು ಎಂದು ಅವನು ಹೇಳಿದಾಗ ಸೂಪಿನ ಅಕ್ಕ ಚಮಚ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಒಂದು ಮೂಲೆಯನ್ನು ಪೇಂಟರ್ ತಾನೇ ತಿಂದು ನೋಡಿದ. ಉಪ್ಪು ಗೊತ್ತಾಯಿತು, ಸಿಹಿ ಗೊತ್ತಾಯಿತು, ಮೆತ್ತಗಿರುವುದು ಗೊತ್ತಾಯಿತು. ಅದಕ್ಕಿಂತ ಹೆಚ್ಚು ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ. ತನ್ನ ಅಡುಗೆ ಹೇಗಿದೆ ಎಂದು ತಾನು ಬೇರೆಯವರ ಮುಖದಲ್ಲೇ ಓದಬೇಕು, ಆ ಮುಖಗಳೋ ವರ್ಷಗಟ್ಟಲೆ ತನಗೆ ಕೈಕೊಟ್ಟಿದ್ದವು.

ಹನ್ನೆರಡೂವರೆಗೆ ಜನ ಬಂದರು. ನರ್ಸುಗಳು, ವಾರ್ಡಿನವರು, ಎಕ್ಸ್‌ರೇಯವರು. ಪೇಂಟರ್ ಬಡಿಸುವ ಕಟ್ಟೆಯ ಹಿಂದೆ ನಿಂತು ಬಡಿಸಿದ. ಕೆಲವರು ಚೆನ್ನಾಗಿದೆ ಅಂದರು. ಈ ಪದವನ್ನು ನಂಬುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಒಂದು ಗಂಟೆಗೆ ಹೆಂಡತಿ ಬಂದಳು. ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಬಡಿಸಿಕೊಂಡು, ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತಳು. ಪೇಂಟರ್ ನೋಡಬಾರದು ಎಂದುಕೊಂಡೇ ನೋಡಿದ. ಅವಳು ಒಂದು ತುತ್ತು ಬಾಯಿಗಿಟ್ಟಳು. ಅಗಿಯುವುದು ನಿಂತಿತು. ಮುಖದಿಂದ ಬಣ್ಣ ಇಳಿದ ಹಾಗಾಯಿತು. ಪೇಂಟರ್ ಕಟ್ಟೆಯನ್ನು ಹಿಡಿದುಕೊಂಡ. ಅವಳು ತಲೆ ಬಗ್ಗಿಸಿ ತಿನ್ನತೊಡಗಿದಳು, ಯಾರ ಕಡೆಗೂ ನೋಡದೆ, ಪಕ್ಕಕ್ಕೆ ಬಂದು ಕೂತು ಏನೋ ಕೇಳಿದ ನರ್ಸಿಗೆ ಉತ್ತರವನ್ನೂ ಕೊಡದೆ. ಇಪ್ಪತ್ತಾರು ವರ್ಷದಲ್ಲಿ ಯಾರ ಪ್ರಶ್ನೆಯನ್ನೂ ಅವಳು ಹಾಗೆ ಬಿಟ್ಟದ್ದಿಲ್ಲ.

ಅಷ್ಟರಲ್ಲಿ ಮೇಡಂ ಹಿಂದಿನಿಂದ ಬಂದು ಖಾಲಿ ಟ್ರೇಗಳನ್ನು ಎಣಿಸಿದರು. ಮೂರು. ನಾಲ್ಕನೆಯದರ ಅಂಚನ್ನು ಚಮಚದಿಂದ ಕೆರೆದು ಬಾಯಿಗೆ ಹಾಕಿಕೊಂಡರು. ಗುರುವಾರವೂ ಬನ್ನಿ, ಸೂಪಿನ ಅಕ್ಕನ ಡ್ಯೂಟಿ ಇರುವ ದಿನಗಳಿಗೆ ನಿಮ್ಮನ್ನು ಹಾಕ್ತೀನಿ, ಅವಳಿಲ್ಲದ ದಿನ ಈ ಬಾಗಿಲೊಳಗೆ ಕಾಲಿಡಬೇಡಿ ಎಂದರು. ಪೇಂಟರ್ ತಲೆಯಾಡಿಸಿದ. ಅವನಿಗೆ ಪೂರ್ತಿ ಕೇಳಿಸಿರಲಿಲ್ಲ.

ಯಾಕೆಂದರೆ ಹೆಂಡತಿ ಎದ್ದಿದ್ದಳು. ಖಾಲಿ ತಟ್ಟೆ ಹಿಡಿದುಕೊಂಡು ಕಟ್ಟೆಯ ಕಡೆಗೇ ಬಂದಳು. ಸಾಲಿನಲ್ಲಿದ್ದ ಇಬ್ಬರನ್ನು ಮೊಣಕೈಯಿಂದ ಸರಿಸಿ ಮುಂದೆ ನಿಂತಳು. ಕಣ್ಣು ತುಂಬಿತ್ತು, ಗಲ್ಲಕ್ಕೆ ಒಂದೆಳೆ ಚೀಸು ಅಂಟಿತ್ತು. ಚೆನ್ನಾಗಿದೆ ಎನ್ನಲಿಲ್ಲ. ಒಂದು ನಿಮಿಷ ಎಂದೂ ಅನ್ನಲಿಲ್ಲ. ತಟ್ಟೆಯನ್ನು ಮುಂದೆ ಚಾಚಿದಳು, ಅಷ್ಟೇ.

ಪೇಂಟರ್ ಬೆಚ್ಚಿಬಿದ್ದು ಅವಳನ್ನು ನೋಡಿದ. ಎಷ್ಟೋ ವರ್ಷದಲ್ಲಿ ಅವಳು ಎರಡನೇ ಸಲ ಬಡಿಸಿಕೊಳ್ಳಲು ಬಂದದ್ದು ಇದೇ ಮೊದಲು. ಹಿಂದಿದ್ದವರು ಬೇಗ ಬೇಗ ಎಂದು ಗೊಣಗುತ್ತಿದ್ದರು. 

"ಆ ಕೆಂಪಗಾಗಿರೋ ಮೂಲೆದು ಹಾಕಿ," ಎಂದಳು ಹೆಂಡತಿ, ಗೊಗ್ಗರು ದನಿಯಲ್ಲಿ.